ಬ್ಯಾಟರಿ ಇರುವಾಗ ಕೂಗುವುದೊಂದು, ಹೋದ ಮೇಲೆ ಕೂಗುವುದೊಂದು

ಪ್ರಶ್ನೆ: ನಾನು ಮದ್ದೂರಿನ ಬಳಿಯ ಡಿಪ್ಲೊಮಾ ವಿದ್ಯಾರ್ಥಿ. ಬಿಡಿಭಾಗಗಳನ್ನು ತಂದು ಐದು ಇಂಚಿನ ಪ್ರೊಪೆಲ್ಲರ್‌ಗಳ ಕ್ವಾಡ್ (ನಾಲ್ಕು ಮೋಟಾರ್‌ಗಳ ಡ್ರೋನ್) ಒಂದನ್ನು ನಾನೇ ಜೋಡಿಸಿದ್ದೇನೆ. ಅದಕ್ಕೆ 4ಎಸ್ (ಸಾಲಾಗಿ ಜೋಡಿಸಿದ ನಾಲ್ಕು ಸೆಲ್‌ಗಳ) 1500 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಪ್ರತಿ ಸೆಲ್ಲಿನ ತಂತಿ ಬರುವ ಬ್ಯಾಲೆನ್ಸ್ ಪ್ಲಗ್‌ಗೆ ಸಿಕ್ಕಿಸುವ ಅಗ್ಗದ ಅಲಾರಂ ಒಂದಿದೆ. ಅದನ್ನು ಸೆಲ್ಲಿಗೆ 3.7 ವೋಲ್ಟ್‌ಗೆ ಇಟ್ಟರೆ ಹಾರಿಸಿದ ಅರ್ಧ ನಿಮಿಷಕ್ಕೇ ಕೂಗುತ್ತದೆ. 3.3ಕ್ಕೆ ಇಳಿಸಿದೆ, ಕೂಗು ನನ್ನ ಕಿವಿಗೆ ಬೀಳುವ ಮೊದಲೇ ಕ್ವಾಡ್ ಕಬ್ಬಿನ ಗದ್ದೆಗೆ ಬಿತ್ತು. ಬಿದ್ದ ಹೊಡೆತಕ್ಕೆ ಬ್ಯಾಟರಿ ಕಳಚಿಹೋಗಿ, ಫ್ಲೈಟ್ ಕಂಟ್ರೋಲರ್‌ಗೆ (ಹಾರಾಟ ನಿಯಂತ್ರಿಸುವ ಬೋರ್ಡಿಗೆ) ಬೆಸೆದಿದ್ದ ಬಜರ್ ಕೂಡ ಮೌನವಾಯಿತು. ಮೂರನೆಯ ದಿನ ಸಿಕ್ಕಿತು. ಬ್ಯಾಟರಿಯ ಎಚ್ಚರಿಕೆ, ಕಳೆದುಹೋದಾಗಿನ ಅಲಾರಂ ಎರಡನ್ನೂ ಎಟಿಟೈನಿ85 ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಚಿಪ್ ಬಳಸಿ ಒಂದೇ ಸರ್ಕ್ಯೂಟ್‌ನಲ್ಲಿ ಮಾಡಬಹುದೇ?

ಉತ್ತರ: ಮಾಡಬಹುದು. ಆದರೆ ಸೋಲ್ಡರಿಂಗ್ ಕಡ್ಡಿ ಬಿಸಿ ಮಾಡುವ ಮೊದಲು ಒಂದು ಮಾತು. ನೀವು ಕೇಳಿರುವ ಎರಡು ಕೆಲಸಗಳ ಸ್ವಭಾವ ಬೇರೆ ಬೇರೆ. ಬ್ಯಾಟರಿಯ ಎಚ್ಚರಿಕೆ ಬೇಕಾಗಿರುವುದು ಬ್ಯಾಟರಿ ಜೀವಂತವಾಗಿರುವಾಗ, ಕ್ವಾಡ್ ಗಾಳಿಯಲ್ಲಿರುವಾಗ. ಅದು ತಲುಪಬೇಕಾದದ್ದು ಹಾರಿಸುತ್ತಿರುವ ನಿಮ್ಮನ್ನು. ಕಳೆದ ಕ್ವಾಡಿನ ಅಲಾರಂ ಬೇಕಾಗುವುದು ಬ್ಯಾಟರಿ ಕಿತ್ತುಹೋದ ಮೇಲೆ, ಎಲ್ಲವೂ ಸ್ತಬ್ಧವಾದ ಮೇಲೆ. ಎರಡಕ್ಕೂ ಒಂದೇ ಬ್ಯಾಟರಿಯನ್ನು ನಂಬಿದ್ದೇ ನಿಮ್ಮ ಮೂರು ದಿನದ ಅಲೆದಾಟಕ್ಕೆ ಕಾರಣ. ಚಿಪ್ ಒಂದೇ ಇರಲಿ, ತೊಂದರೆಯಿಲ್ಲ; ಅದಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ ಎಂಬುದು ಮುಖ್ಯ.

ಮೊದಲು 3.7 ಮತ್ತು 3.3ರ ಗೊಂದಲವನ್ನು ಬಿಡಿಸೋಣ. ಲಿಪೊ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ, 3.0ಕ್ಕಿಂತ ಕೆಳಗಿಳಿದರೆ ಅದಕ್ಕೆ ಶಾಶ್ವತ ಹಾನಿ. ಇವು ನಿಮಗೆ ಗೊತ್ತಿರುತ್ತವೆ. ಆದರೆ ಅಲಾರಂ ನೋಡುತ್ತಿರುವುದು ವಿಶ್ರಾಂತಿಯಲ್ಲಿರುವ ಸೆಲ್ಲಿನ ವೋಲ್ಟೇಜನ್ನಲ್ಲ, ದುಡಿಯುತ್ತಿರುವ ಸೆಲ್ಲಿನದನ್ನು. ಪ್ರತಿ ಸೆಲ್ಲಿಗೂ ಒಳಗೊಂದು ಪ್ರತಿರೋಧವಿದೆ. ಅದು 5 ಮಿಲಿಓಮ್ ಎಂದಿಟ್ಟುಕೊಳ್ಳಿ. ಥ್ರಾಟಲ್ (ಮೋಟಾರ್ ವೇಗದ ಹಿಡಿ) ಏರಿಸಿದಾಗ 60 ಆಂಪಿಯರ್ ಹರಿದರೆ, ಓಮ್‌ನ ನಿಯಮದಂತೆ 0.3 ವೋಲ್ಟ್ ಒಳಗೇ ಕರಗಿಹೋಗುತ್ತದೆ. ನೂರು ಸಲ ಚಾರ್ಜ್ ಆಗಿ ಹಳತಾದ ಬ್ಯಾಟರಿಯಲ್ಲಿ ಆ ಪ್ರತಿರೋಧ 10 ಮಿಲಿಓಮ್ ಆಗಿದ್ದರೆ ಕುಸಿತ 0.6 ವೋಲ್ಟ್. ಅಂದರೆ 4.1 ಇರುವ ಆರೋಗ್ಯವಂತ ಸೆಲ್ ಕೂಡ ಒಂದು ಕ್ಷಣ 3.5 ತೋರಿಸಿ ಮತ್ತೆ ಮೇಲೇಳುತ್ತದೆ. ನಿಮ್ಮ ಅಲಾರಂ 3.7ಕ್ಕೆ ಅರ್ಧ ನಿಮಿಷದಲ್ಲಿ ಕೂಗಿದ್ದು ಸುಳ್ಳಲ್ಲ, ಅದು ಆ ಕ್ಷಣದ ನಿಜ. ಅದನ್ನು ಇಡೀ ಬ್ಯಾಟರಿಯ ಸ್ಥಿತಿ ಎಂದು ಓದುವುದು ತಪ್ಪು. ಚಳಿಗಾಲದ ಬೆಳಗಿನಲ್ಲಿ ಪ್ರತಿರೋಧ ಇನ್ನೂ ಹೆಚ್ಚಿರುತ್ತದೆ. ಡಿಸೆಂಬರ್‌ನಲ್ಲಿ ಏಳು ಗಂಟೆಗೆ ಹಾರಿಸುವವರಿಗೆ ಇದೇ ಬ್ಯಾಟರಿ ದುರ್ಬಲವಾದಂತೆ ಕಾಣುವುದು ಅದಕ್ಕೇ.

ಇನ್ನು 3.3 ಏಕೆ ಬೇಡ? ಲಿಪೊ ಸೆಲ್ಲಿನ ವೋಲ್ಟೇಜ್ ಸಮವಾಗಿ ಇಳಿಯುವುದಿಲ್ಲ. 3.9ರಿಂದ 3.7ರ ನಡುವೆ ಬಹಳ ಹೊತ್ತು ನಿಂತಿರುತ್ತದೆ. ಆಮೇಲೆ ಬಾವಿಗೆ ಬಿದ್ದ ಕೊಡದಂತೆ ಇಳಿಯುತ್ತದೆ. 3.3ರಲ್ಲಿ ಕೂಗುವ ಅಲಾರಂ, ಕೊಡ ನೀರು ಮುಟ್ಟುವ ಹೊತ್ತಿಗೆ ಹಗ್ಗ ಹಿಡಿಯಲು ಹೇಳಿದಂತೆ. ಐದಿಂಚಿನ ಕ್ವಾಡ್‌ಗೆ ನಾನು ಶುರುಮಾಡುವ ಅಂಕಿ 3.5. ಆದರೆ ಅದನ್ನೂ ಕಣ್ಣುಮುಚ್ಚಿ ನಂಬಬೇಡಿ, ನಿಮ್ಮ ಬ್ಯಾಟರಿಯನ್ನೇ ಕೇಳಿ. 3.5ಕ್ಕೆ ಇಟ್ಟು ಹಾರಿಸಿ, ಎಚ್ಚರಿಕೆ ಬಂದ ಕೂಡಲೇ ಇಳಿಸಿ. ಐದು ನಿಮಿಷ ನೆರಳಿನಲ್ಲಿಟ್ಟು ಪ್ರತಿ ಸೆಲ್ಲನ್ನೂ ಅಳೆಯಿರಿ. 3.7ರಿಂದ 3.75ರ ನಡುವೆ ನಿಂತಿದ್ದರೆ ಸರಿಯಾದ ಜಾಗದಲ್ಲಿದ್ದೀರಿ. 3.6 ಅಥವಾ ಅದಕ್ಕಿಂತ ಕೆಳಗಿದ್ದರೆ ಎಚ್ಚರಿಕೆಯ ಅಂಕಿಯನ್ನು ಸ್ವಲ್ಪ ಏರಿಸಿ. 3.85ಕ್ಕೆ ಮರಳಿ ಬಂದಿದ್ದರೆ ಅವಸರ ಮಾಡಿದ್ದೀರಿ, ಸ್ವಲ್ಪ ಇಳಿಸಿ. ಮೂರು ನಾಲ್ಕು ಹಾರಾಟದಲ್ಲಿ ಆ ಬ್ಯಾಟರಿಗೆ, ನಿಮ್ಮ ಕೈಗೆ ಹೊಂದುವ ಅಂಕಿ ಸಿಗುತ್ತದೆ. ಬ್ಯಾಟರಿ ಹಳತಾದಂತೆ ಇದನ್ನು ಮತ್ತೆ ಮಾಡಬೇಕು.

ಕ್ಷಣಿಕ ಕುಸಿತಕ್ಕೆ ಕೂಗದಿರಲು ಸರಳ ಉಪಾಯವಿದೆ: ವೋಲ್ಟೇಜ್ ಮಿತಿಗಿಂತ ಕೆಳಗೆ ಸತತವಾಗಿ ಎರಡು ಮೂರು ಸೆಕೆಂಡ್ ಇದ್ದರೆ ಮಾತ್ರ ಕೂಗು ಎಂದು ಪ್ರೋಗ್ರಾಂನಲ್ಲಿ ಬರೆಯುವುದು. ಫ್ಲೈಟ್ ಕಂಟ್ರೋಲರ್‌ನ ತಂತ್ರಾಂಶಗಳಾದ ಬೀಟಾಫ್ಲೈಟ್‌ನಲ್ಲೂ ಆರ್ಡುಪೈಲಟ್‌ನಲ್ಲೂ ಈ ಅವಧಿಗೆಂದೇ ಸೆಟ್ಟಿಂಗ್ ಇದೆ. ನಿಮ್ಮ ಕಂಟ್ರೋಲರ್‌ನಲ್ಲಿ ಕರೆಂಟ್ ಸೆನ್ಸರ್ ಇದ್ದರೆ ಇನ್ನೂ ಒಳ್ಳೆಯದು. ಖರ್ಚಾದ ಎಂಎಎಚ್ ಎಷ್ಟೆಂದು ಅದು ಎಣಿಸುತ್ತದೆ. 1500ರಲ್ಲಿ 1200 ಆದಾಗ ಇಳಿಸಿ. ವೋಲ್ಟೇಜಿನಂತೆ ಈ ಲೆಕ್ಕ ಥ್ರಾಟಲ್ ಜೊತೆ ಕುಣಿಯುವುದಿಲ್ಲ. ಅರ್ಧ ಚಾರ್ಜ್ ಆದ ಬ್ಯಾಟರಿಯನ್ನು ಹಾಕಿ ಹಾರಿಸಿದರೆ ಮಾತ್ರ ಅದು ದಾರಿ ತಪ್ಪಿಸುತ್ತದೆ, ಹಾಗಾಗಿ ಎರಡನ್ನೂ ಜೊತೆಯಲ್ಲಿಡಿ.

ಅದಕ್ಕಿಂತ ದೊಡ್ಡ ವಿಷಯ: ಎಚ್ಚರಿಕೆ ಕೂಗಬೇಕಾದ ಜಾಗ ಕ್ವಾಡ್ ಅಲ್ಲ. ನಾಲ್ಕು ಮೋಟಾರ್‌ಗಳ ಅಬ್ಬರದ ನಡುವೆ, ನೂರು ಮೀಟರ್ ದೂರದಲ್ಲಿ, ಬೆರಳಿನುಗುರಿನಷ್ಟು ಬಜರ್ ಕೂಗಿದರೆ ನಿಮಗೆ ಕೇಳುವುದೇ ಇಲ್ಲ. ಹಾರಾಟದಲ್ಲಿ ಎಚ್ಚರಿಕೆ ಕ್ಯಾಮೆರಾದ ದೃಶ್ಯ ತೋರಿಸುವ ನಿಮ್ಮ ಕನ್ನಡಕದ ಪರದೆಯ ಮೇಲೆ ಬರಬೇಕು, ಅಥವಾ ಟೆಲಿಮೆಟ್ರಿಯ (ಕ್ವಾಡ್ ವಾಪಸ್ ಕಳಿಸುವ ಮಾಹಿತಿಯ) ಮೂಲಕ ಕೈಯಲ್ಲಿರುವ ರೇಡಿಯೊ ರಿಮೋಟ್‌ಗೆ ಬರಬೇಕು. ಎಡ್ಜ್‌ಟಿಎಕ್ಸ್ ತಂತ್ರಾಂಶದ ರೇಡಿಯೊ ನಿಮ್ಮಲ್ಲಿದ್ದರೆ ಅದರ ಮೆಮೊರಿ ಕಾರ್ಡಿನಲ್ಲಿ ನಿಮ್ಮದೇ ಧ್ವನಿಯ ಫೈಲ್ ಇಡಬಹುದು. ನನ್ನ ರೇಡಿಯೊದಲ್ಲಿ ನನ್ನ ಮಗಳ ದನಿ ಇದೆ: "ಇಳಿಸಿ ಅಪ್ಪ, ಇಳಿಸಿ." ಇಂಗ್ಲಿಷಿನ ಯಾಂತ್ರಿಕ ದನಿಗೆ ನಾನು ಎಂದೂ ಇಷ್ಟು ಬೇಗ ಥ್ರಾಟಲ್ ಇಳಿಸಿದ್ದಿಲ್ಲ.

ಹಾಗಾದರೆ ಬ್ಯಾಲೆನ್ಸ್ ಪ್ಲಗ್ಗಿನ ಅಲಾರಂ ವ್ಯರ್ಥವೇ? ಅಲ್ಲ. ಉಳಿದ ಯಾವುದೂ ಮಾಡದ ಕೆಲಸವೊಂದನ್ನು ಅದು ಮಾಡುತ್ತದೆ: ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಮೂರು ಸೆಲ್ 3.8ರಲ್ಲಿದ್ದು ನಾಲ್ಕನೆಯದು 3.0ಕ್ಕೆ ಕುಸಿದಿದ್ದರೆ ಒಟ್ಟು 14.4 ವೋಲ್ಟ್. ಫ್ಲೈಟ್ ಕಂಟ್ರೋಲರ್ ಅದನ್ನು ನಾಲ್ಕರಿಂದ ಭಾಗಿಸಿ 3.6, ಏನೂ ತೊಂದರೆಯಿಲ್ಲ ಎನ್ನುತ್ತದೆ. ಒಳಗೆ ಒಂದು ಸೆಲ್ ಸಾಯುತ್ತಿರುತ್ತದೆ. ಹಾರಿಸುವ ಮೊದಲು, ಇಳಿಸಿದ ನಂತರ ಆ ಅಲಾರಂ ಸಿಕ್ಕಿಸಿ ನಾಲ್ಕೂ ಅಂಕಿಗಳನ್ನು ನೋಡುವುದು ಎರಡು ನಿಮಿಷದ ಕೆಲಸ. ನೋಡಿದ ಮೇಲೆ ಕಿತ್ತಿಡಿ. ಅದನ್ನು ಸಿಕ್ಕಿಸಿಯೇ ಬ್ಯಾಟರಿಯನ್ನು ಚೀಲಕ್ಕೆ ಹಾಕಿ ಮರೆತರೆ ಅದು ಸದ್ದಿಲ್ಲದೆ ಕರೆಂಟ್ ಎಳೆಯುತ್ತಲೇ ಇರುತ್ತದೆ. ಕೆಲವು ಅಲಾರಂಗಳು ಮೊದಲ ಒಂದೆರಡು ಸೆಲ್‌ಗಳಿಂದ ಮಾತ್ರ ಎಳೆದು ಬ್ಯಾಟರಿಯ ಸಮತೋಲನವನ್ನೇ ಕೆಡಿಸುತ್ತವೆ. ಸಿಕ್ಕಿಸುವಾಗ ಕಪ್ಪು ತಂತಿ ಮೈನಸ್ ಗುರುತಿನ ಪಿನ್‌ಗೇ ಹೋಗಬೇಕು. ಇನ್ನೊಂದು ಮಾತು: ಆ ಅಲಾರಂ ಕಟ್ಟಿಕೊಂಡಿರುವುದು ಬ್ಯಾಟರಿಗೆ. ಬ್ಯಾಟರಿ ಕಳಚಿ ಹಾರಿಹೋದರೆ ಅಲಾರಂ ಅದರ ಜೊತೆಗೇ ಹೋಗುತ್ತದೆ, ಕ್ವಾಡ್‌ನ ಜೊತೆಗೆ ಇರುವುದಿಲ್ಲ.

ಈಗ ನಿಮ್ಮ ಎಟಿಟೈನಿ85ಕ್ಕೆ ಬರೋಣ. ಸೆಲ್ ಸೆಲ್ ಬಿಡಿಸಿ ಅಳೆಯುವ ಆಸೆಯನ್ನು ಈ ಚಿಪ್ಪಿನಲ್ಲಿ ಬಿಡಿ. ಪಿನ್‌ಗಳು ಸಾಲುವುದಿಲ್ಲ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಕಳೆಯುವ ಲೆಕ್ಕದ್ದು. ನಾಲ್ಕನೆಯ ಸೆಲ್ಲಿನ ವೋಲ್ಟೇಜ್ ಎಂದರೆ 16.8ರಿಂದ 12.6 ಕಳೆದದ್ದು. ಎರಡನ್ನೂ ರೆಸಿಸ್ಟರ್ ಜೋಡಿಯಿಂದ ಭಾಗಿಸಿ ಅಳೆಯುವಾಗ ತಲಾ ಶೇ 1 ತಪ್ಪಿದರೆ, ಒಂದರಲ್ಲಿ 0.17, ಇನ್ನೊಂದರಲ್ಲಿ 0.13, ಎರಡೂ ವಿರುದ್ಧ ದಿಕ್ಕಿನಲ್ಲಿದ್ದರೆ 4.2 ವೋಲ್ಟಿನ ಸೆಲ್ಲಿನ ಮೇಲೆ 0.3 ವೋಲ್ಟ್ ತಪ್ಪು. ನಾವು 3.5 ಮತ್ತು 3.7ರ ನಡುವಿನ ವ್ಯತ್ಯಾಸಕ್ಕೆ ಒದ್ದಾಡುತ್ತಿರುವಾಗ ಇದು ಅಳತೆಯೇ ಅಲ್ಲ. ಸೆಲ್ ನೋಡುವ ಕೆಲಸವನ್ನು ನೆಲದ ಮೇಲಿನ ಆ ಅಗ್ಗದ ಅಲಾರಂಗೆ ಬಿಡಿ. ಚಿಪ್ ಒಟ್ಟು ವೋಲ್ಟೇಜನ್ನು ನೋಡಲಿ.

ಚಿಪ್ಪಿನೊಳಗಿನ 1.1 ವೋಲ್ಟಿನ ರೆಫರೆನ್ಸ್ (ಅಳತೆಯ ಮಾನದಂಡ) ಬಳಸಿ. ಬ್ಯಾಟರಿಯ ಪ್ಲಸ್‌ನಿಂದ 150 ಕಿಲೊಓಮ್, ಅಲ್ಲಿಂದ ಗ್ರೌಂಡ್‌ಗೆ (ಬ್ಯಾಟರಿಯ ಮೈನಸ್‌ಗೆ) 10 ಕಿಲೊಓಮ್. ಹದಿನಾರನೆಯ ಒಂದು ಭಾಗ ಪಿನ್‌ಗೆ ಸಿಗುತ್ತದೆ: 16.8 ವೋಲ್ಟ್‌ಗೆ 1.05. ಹತ್ತು ಬಿಟ್‌ನ ಅಳತೆಯಾದ್ದರಿಂದ ಒಂದು ಮೆಟ್ಟಿಲಿಗೆ ಸುಮಾರು 17 ಮಿಲಿವೋಲ್ಟ್, ಅಂದರೆ ಸೆಲ್ಲಿಗೆ ನಾಲ್ಕೈದು ಮಿಲಿವೋಲ್ಟ್. ಧಾರಾಳವಾಯಿತು. ಪಿನ್‌ನ ಬುಡದಲ್ಲಿ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಮೋಟಾರ್‌ಗಳ ಗದ್ದಲ ಅಲ್ಲೇ ತಣಿಯುತ್ತದೆ. ಆ 1.1 ಎಂಬುದು ಹೆಸರಿಗೆ ಮಾತ್ರ. ಒಂದೊಂದು ಚಿಪ್ಪಿನಲ್ಲಿ 1.0ರಿಂದ 1.2ರವರೆಗೆ ಎಲ್ಲಾದರೂ ಇರಬಹುದು. ಆದ್ದರಿಂದ ಒಳ್ಳೆಯ ಮಲ್ಟಿಮೀಟರ್‌ನಲ್ಲಿ ಬ್ಯಾಟರಿಯನ್ನು ಅಳೆದು, ಅದಕ್ಕೆ ಸರಿಹೊಂದುವ ಗುಣಕವನ್ನು ನಿಮ್ಮ ಚಿಪ್‌ಗೇ ಬರೆದಿಡಿ. ಇದನ್ನು ಬಿಟ್ಟವರೇ ಆಮೇಲೆ ಸರ್ಕ್ಯೂಟ್ ಸುಳ್ಳು ಹೇಳುತ್ತದೆ ಎನ್ನುತ್ತಾರೆ.

ಮುಖ್ಯವಾದದ್ದು ಇನ್ನು ಮುಂದೆ. ಚಿಪ್‌ಗೆ ವಿದ್ಯುತ್ತನ್ನು ದೊಡ್ಡ ಬ್ಯಾಟರಿಯಿಂದ ಕೊಡಬೇಡಿ. ಅದಕ್ಕೊಂದು ಪುಟ್ಟ 1ಎಸ್ ಲಿಪೊ, 80 ಎಂಎಎಚ್‌ನದು, ಇರಲಿ. ಎಟಿಟೈನಿ85 2.7ರಿಂದ 5.5 ವೋಲ್ಟ್‌ವರೆಗೆ ನಡೆಯುತ್ತದೆ, ಹಾಗಾಗಿ ರೆಗ್ಯುಲೇಟರ್ ಕೂಡ ಬೇಡ. ದೊಡ್ಡ ಬ್ಯಾಟರಿ ಚಿಪ್ಪಿನ ಪಾಲಿಗೆ ಒಂದು ಕಾವಲಿನ ವಸ್ತು ಮಾತ್ರ; ಅದು ಇದ್ದಾಗ ಅಳೆಯುತ್ತದೆ, ಇಲ್ಲವಾದಾಗ ಇಲ್ಲವೆಂದು ತಿಳಿಯುತ್ತದೆ. ಫ್ಲೈಟ್ ಕಂಟ್ರೋಲರ್‌ನ 5 ವೋಲ್ಟಿನಿಂದ ಟಿಪಿ4056 ಚಾರ್ಜರ್ ಬೋರ್ಡಿನ ಮೂಲಕ ಪುಟ್ಟ ಸೆಲ್ ಚಾರ್ಜ್ ಆಗಲಿ. ಇಲ್ಲಿ ಎಚ್ಚರ. ಆ ಬೋರ್ಡ್ ಅಂಗಡಿಯಿಂದ ಬರುವಾಗ 1.2 ಕಿಲೊಓಮ್ ರೆಸಿಸ್ಟರ್‌ನೊಂದಿಗೆ, 1 ಆಂಪಿಯರ್ ಕೊಡುವಂತೆ ಬರುತ್ತದೆ. 80 ಎಂಎಎಚ್ ಸೆಲ್ಲಿಗೆ 1 ಆಂಪಿಯರ್ ಎಂದರೆ ಬೆಂಕಿ. ಆ ರೆಸಿಸ್ಟರ್ ತೆಗೆದು 15 ಕಿಲೊಓಮ್ ಹಾಕಿದರೆ ಸುಮಾರು 80 ಮಿಲಿಆಂಪಿಯರ್‌ಗೆ ಇಳಿಯುತ್ತದೆ. ಇದನ್ನು ಮಾಡದೆ ಸೆಲ್ಲನ್ನು ಜೋಡಿಸಲೇಬೇಡಿ.

ಸೆಲ್ ಬದಲು ಸೂಪರ್ ಕೆಪಾಸಿಟರ್ ಸಾಲದೇ ಎಂದು ಹಲವರು ಕೇಳುತ್ತಾರೆ. ಲೆಕ್ಕ ಹಾಕೋಣ. 1 ಫ್ಯಾರಡ್ ಕೆಪಾಸಿಟರ್ 5ರಿಂದ 3 ವೋಲ್ಟ್‌ಗೆ ಇಳಿಯುವಾಗ 2 ಕೂಲಂಬ್ ಕೊಡುತ್ತದೆ. ಬಜರ್ 20 ಮಿಲಿಆಂಪಿಯರ್‌ನದ್ದಾಗಿ, ಹತ್ತು ಸೆಕೆಂಡ್‌ಗೆ ಒಂದು ಸೆಕೆಂಡ್ ಕೂಗಿದರೆ ಸರಾಸರಿ 2 ಮಿಲಿಆಂಪಿಯರ್. ಸಾವಿರ ಸೆಕೆಂಡ್, ಹದಿನಾರು ನಿಮಿಷಕ್ಕೆ ಮುಗಿಯಿತು. ನೀವು ಬದು ದಾಟಿ ಗದ್ದೆಗೆ ಇಳಿಯುವ ಹೊತ್ತಿಗೆ ಅದು ಮೌನ. ಅದೇ 80 ಎಂಎಎಚ್ ಸೆಲ್, ಇಪ್ಪತ್ತು ಸೆಕೆಂಡ್‌ಗೆ ಒಂದು ಸೆಕೆಂಡ್ ಕೂಗಿದರೆ ಲೆಕ್ಕಕ್ಕೆ 80 ಗಂಟೆ. ಅರವತ್ತು ಎಂದೇ ಇಟ್ಟುಕೊಳ್ಳಿ. ಒಂದು ಎಲ್‌ಡಿಆರ್ (ಬೆಳಕನ್ನು ಗುರುತಿಸುವ ರೆಸಿಸ್ಟರ್) ಸೇರಿಸಿ ಕತ್ತಲಲ್ಲಿ ಸುಮ್ಮನಿರುವಂತೆ ಮಾಡಿದರೆ ಅವಧಿ ಇನ್ನೂ ಹೆಚ್ಚುತ್ತದೆ. ನಿಮ್ಮ ಕ್ವಾಡ್ ಸಿಕ್ಕಿದ್ದು ಮೂರನೆಯ ದಿನ. ಇದಿದ್ದರೆ ಅಂದೂ ಅದು ಕೂಗುತ್ತಿರುತ್ತಿತ್ತು.

ಕಳೆದುಹೋಗಿದೆ ಎಂದು ಚಿಪ್ ತೀರ್ಮಾನಿಸುವುದು ಹೇಗೆ? ದೊಡ್ಡ ಬ್ಯಾಟರಿ ಇಲ್ಲವಾಗಿ ಅರ್ಧ ನಿಮಿಷವಾಯಿತು, ಯಾರೂ ಗುಂಡಿ ಒತ್ತಲಿಲ್ಲ: ಕೂಗು. ನೀವೇ ಬ್ಯಾಟರಿ ಬಿಚ್ಚಿದಾಗ ಗುಂಡಿಯನ್ನು ಒತ್ತಿ ಹಿಡಿದು ಸುಮ್ಮನಾಗಿಸಿ. ಹಿಂದೆ ಮಾದರಿ ವಿಮಾನಗಳಲ್ಲಿ ರಿಸೀವರ್‌ನ ಒಂದು ಚಾನೆಲ್‌ಗೆ ಸಿಕ್ಕಿಸುವ ಅಲಾರಂ ಇರುತ್ತಿತ್ತು. 20 ಮಿಲಿಸೆಕೆಂಡ್‌ಗೊಮ್ಮೆ ಬರುವ ಸರ್ವೊ ಸಂಕೇತ ನಿಂತರೆ ಕೂಗುತ್ತಿತ್ತು. ಇಂದಿನ ಹಲವು ರಿಸೀವರ್‌ಗಳು ಸಂಪರ್ಕ ತಪ್ಪಿದ ಮೇಲೂ ಮೊದಲೇ ನಿಗದಿಪಡಿಸಿದ ಫೇಲ್‌ಸೇಫ್ ಸಂಕೇತವನ್ನು ಕೊಡುತ್ತಲೇ ಇರುತ್ತವೆ, ಹಾಗಾಗಿ ಆ ಉಪಾಯವೊಂದನ್ನೇ ನಂಬುವಂತಿಲ್ಲ. ಫೇಲ್‌ಸೇಫ್‌ನಲ್ಲಿ ಬಜರ್ ಸ್ವಿಚ್‌ನ ಚಾನೆಲ್ ತಾನಾಗಿಯೇ ಆನ್ ಆಗುವಂತೆ ಇಡಿ. ಬೀಟಾಫ್ಲೈಟ್‌ನಲ್ಲಿ ಮೋಟಾರ್‌ಗಳನ್ನೇ ಕೂಗಿಸುವ ಡಿಶಾಟ್ ಬೀಕನ್ ಕೂಡ ಇದೆ, ಖರ್ಚಿಲ್ಲದ ಸಹಾಯ. ಆದರೆ ಇವೆರಡೂ ಬ್ಯಾಟರಿ ಕಳಚದಿದ್ದಾಗ ಮಾತ್ರ.

ಸದ್ದಿನ ವಿಷಯದಲ್ಲಿ ಅಂಗಡಿಯ ಡಬ್ಬಿಯ ಮೇಲಿನ 100 ಡೆಸಿಬಲ್ ನೋಡಿ ಹಿಗ್ಗಬೇಡಿ. ಸಾಮಾನ್ಯವಾಗಿ ಅದು 10 ಸೆಂಟಿಮೀಟರ್ ದೂರದ ಅಳತೆ. ದೂರ ಹತ್ತು ಪಟ್ಟಾದರೆ 20 ಡೆಸಿಬಲ್ ಇಳಿಯುತ್ತದೆ: ಒಂದು ಮೀಟರ್‌ಗೆ 80, ಹತ್ತಕ್ಕೆ 60, ನೂರಕ್ಕೆ 40. ಇದು ಬಯಲಿನ ಲೆಕ್ಕ. ಆಳೆತ್ತರ ಬೆಳೆದ ಕಬ್ಬಿನೊಳಗೆ ಎಲೆಗಳು ಆ ಕೀರಲು ದನಿಯನ್ನು ನುಂಗುತ್ತವೆ. ಇಪ್ಪತ್ತು ಮೂವತ್ತು ಮೀಟರ್ ಕೇಳಿದರೆ ದೊಡ್ಡದು. ಪೀಜೊ ಬಜರ್‌ನ ಎರಡು ಕಾಲುಗಳನ್ನು ಚಿಪ್ಪಿನ ಎರಡು ಪಿನ್‌ಗಳಿಗೆ ಕೊಟ್ಟು, ಒಂದು ಮೇಲಿದ್ದಾಗ ಇನ್ನೊಂದು ಕೆಳಗಿರುವಂತೆ ನಡೆಸಿದರೆ ವೋಲ್ಟೇಜಿನ ತೂಗಾಟ ಇಮ್ಮಡಿಯಾಗಿ ಸುಮಾರು 6 ಡೆಸಿಬಲ್ ಪುಕ್ಕಟೆ ಸಿಗುತ್ತದೆ. ಹೊಸ ಬಜರ್‌ನ ರಂಧ್ರದ ಮೇಲೆ ಕಾಗದದ ಸ್ಟಿಕರ್ ಇದ್ದರೆ ಕಿತ್ತುಹಾಕಿ. ಅದು ಕಾರ್ಖಾನೆಯಲ್ಲಿ ಬೋರ್ಡ್ ತೊಳೆಯುವಾಗ ನೀರು ಹೋಗದಿರಲೆಂದು ಅಂಟಿಸಿದ್ದು. ಎಷ್ಟೋ ಜನ ಅದರೊಂದಿಗೇ ಹಾರಿಸುತ್ತಾರೆ. ಬಿದ್ದ ಕ್ವಾಡ್ ಎಷ್ಟೋ ಸಲ ಮಗುಚಿಕೊಂಡೇ ಬಿದ್ದಿರುತ್ತದೆ. ರಂಧ್ರ ಮೇಲಕ್ಕೂ ಬೇಡ, ಕೆಳಕ್ಕೂ ಬೇಡ, ಪಕ್ಕಕ್ಕಿರಲಿ.

ಸದ್ದು ಕೇಳುವುದು ಒಂದು, ಅದು ಯಾವ ಕಡೆಯಿಂದ ಬರುತ್ತಿದೆ ಎಂದು ತಿಳಿಯುವುದು ಇನ್ನೊಂದು. ನಮ್ಮ ಕಿವಿ ಕಡಿಮೆ ಆವೃತ್ತಿಯ ಸದ್ದಿನ ದಿಕ್ಕನ್ನು ಎರಡು ಕಿವಿಗಳಿಗೆ ತಲುಪುವ ಸಮಯದ ವ್ಯತ್ಯಾಸದಿಂದ, ಹೆಚ್ಚಿನದರ ದಿಕ್ಕನ್ನು ಗಟ್ಟಿತನದ ವ್ಯತ್ಯಾಸದಿಂದ ತಿಳಿಯುತ್ತದೆ. ನಡುವಿನ 2ರಿಂದ 3 ಕಿಲೊಹರ್ಟ್ಸ್‌ನಲ್ಲಿ ಎರಡೂ ಸರಿಯಾಗಿ ಸಹಾಯಕ್ಕೆ ಬರುವುದಿಲ್ಲ, ಮತ್ತು ಬಹುಪಾಲು ಬಜರ್‌ಗಳ ದನಿ ಅಲ್ಲೇ ಸುತ್ತಮುತ್ತ ಇದೆ. ಅದಕ್ಕೇ ಒಂದೇ ಸ್ವರದ ಉದ್ದನೆಯ ಕೂಗು ಸುತ್ತಲೂ ಇರುವಂತೆ ಕೇಳಿಸಿ ಹುಚ್ಚು ಹಿಡಿಸುತ್ತದೆ. 2.5ರಿಂದ 4.5 ಕಿಲೊಹರ್ಟ್ಸ್‌ವರೆಗೆ ಏರುವ ಚಿಕ್ಕ ಚಿಕ್ಕ ಚಿಲಿಪಿಲಿಗಳನ್ನು, ಎರಡೆರಡಾಗಿ, ನಡುವೆ ಮೌನ ಬಿಟ್ಟು ಬರೆಯಿರಿ. ಆ ಮೌನದಲ್ಲಿ ನೀವು ನಿಂತು, ತಲೆ ತಿರುಗಿಸಿ, ಮುಂದಿನ ಕೂಗಿಗೆ ಕಿವಿಗೊಡಬಹುದು. ಸಂಜೆ ಹುಡುಕಲು ಹೋಗಬೇಡಿ. ಮಿಡತೆ, ಜೀರುಂಡೆಗಳ ದನಿ ಬಹುತೇಕ ಇದೇ ಆವೃತ್ತಿಯಲ್ಲಿರುತ್ತದೆ. ಅವುಗಳ ಹಿಮ್ಮೇಳದಲ್ಲಿ ಬಜರ್ ಕಳೆದುಹೋಗುತ್ತದೆ. ಬೆಳಗಿನ ಜಾವ ತಂಪು, ಗಾಳಿ ಕಡಿಮೆ, ಹುಳುಗಳೂ ಬಹುಪಾಲು ಸುಮ್ಮನಿರುತ್ತವೆ. ಆಗ ಹೋಗಿ.

ಕ್ವಾಡ್ ಬಿದ್ದ ಕ್ಷಣದಲ್ಲಿ ಓಡಬೇಡಿ. ರೇಡಿಯೊ, ಕನ್ನಡಕ ಯಾವುದನ್ನೂ ಆರಿಸಬೇಡಿ. ನಿಂತ ಜಾಗಕ್ಕೆ ಚಪ್ಪಲಿಯನ್ನೋ ಚೀಲವನ್ನೋ ಗುರುತಿಡಿ, ಬಿದ್ದ ದಿಕ್ಕಿನಲ್ಲಿ ದೂರದ ಒಂದು ತೆಂಗಿನ ಮರವನ್ನು ಗುರಿಯಿಟ್ಟುಕೊಳ್ಳಿ. ವೀಡಿಯೊದ ಕೊನೆಯ ಕೆಲವು ಸೆಕೆಂಡ್‌ಗಳನ್ನು ಮತ್ತೆ ನೋಡಿ. ಜಿಪಿಎಸ್ ಇದ್ದರೆ ಟೆಲಿಮೆಟ್ರಿ ಪರದೆಯಲ್ಲಿ ಕೊನೆಯ ಅಕ್ಷಾಂಶ ರೇಖಾಂಶ ಉಳಿದಿರುತ್ತದೆ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ಗದ್ದೆಯ ಯಜಮಾನರನ್ನು ಕೇಳಿ, ಕಬ್ಬಿನ ಸಾಲು ಹಿಡಿದು ಹೋಗಿ. ಅಡ್ಡಡ್ಡ ನುಗ್ಗಿದರೆ ಅವರ ಬೆಳೆ ಹಾಳು, ನಿಮ್ಮ ದಿಕ್ಕೂ ಹಾಳು.

ಮೂರು ದಿನ ಕಾಯುವಂತಿಲ್ಲ ಎನ್ನಲು ನನಗೆ ಹಣಕ್ಕಿಂತ ದೊಡ್ಡ ಕಾರಣವಿದೆ. ಹೊಡೆತ ತಿಂದ ಲಿಪೊ ಆ ಕ್ಷಣ ತಣ್ಣಗೆ ಕಂಡು, ಒಳಗಿನ ಪದರ ಹರಿದಿದ್ದರೆ ಎಷ್ಟೋ ಹೊತ್ತಿನ ಮೇಲೆ ಹೊತ್ತಿಕೊಳ್ಳಬಹುದು. ಬೇಸಿಗೆಯಲ್ಲಿ ಕಬ್ಬಿನ ಬುಡದ ಒಣ ತರಗಿನ ಮೇಲೆ ಅದು ಬಿದ್ದಿದ್ದರೆ ಒಬ್ಬ ರೈತನ ಒಂದು ವರ್ಷದ ದುಡಿಮೆ ಅದರ ಕೆಳಗಿದೆ. ನಿಮಗೆ ಸಿಕ್ಕ ಬ್ಯಾಟರಿ ಉಬ್ಬಿದ್ದರೆ, ಮೂಲೆ ಜಜ್ಜಿದ್ದರೆ, ಸಿಹಿಯಾದ ದ್ರಾವಕದ ವಾಸನೆ ಬರುತ್ತಿದ್ದರೆ ಮತ್ತೆ ಚಾರ್ಜ್ ಮಾಡಬೇಡಿ. ಮನೆಯೊಳಗೆ ತರದೆ, ಮರಳು ತುಂಬಿದ ಡಬ್ಬಿಯಲ್ಲಿ ಹೊರಗಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಮೂರು ದಿನ ಗದ್ದೆಯಲ್ಲಿದ್ದ ಬ್ಯಾಟರಿ ನೋಡಲು ಚೆನ್ನಾಗಿದ್ದರೂ ಯಾವುದೇ ಸೆಲ್ 3.0ಕ್ಕಿಂತ ಕೆಳಗಿದ್ದರೆ ಅದಕ್ಕೂ ಇದೇ ದಾರಿ.

ತೂಕದ ಮಾತು ಚಿಕ್ಕದು. ಪುಟ್ಟ ಸೆಲ್, ಬೋರ್ಡ್, ಬಜರ್ ಸೇರಿ ಹತ್ತು ಗ್ರಾಂ ಒಳಗೇ ಮುಗಿಸಬಹುದು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ, ಅದರ ಮೇಲೆ 2 ಕಿಲೊವರೆಗೆ ಮೈಕ್ರೊ. ನಿಮ್ಮ ಐದಿಂಚಿನದು ಹೇಗೂ ಮೈಕ್ರೊ, ಹತ್ತು ಗ್ರಾಂನಿಂದ ವರ್ಗ ಬದಲಾಗದು. 245 ಗ್ರಾಂನ ಮೂರಿಂಚಿನ ಕ್ವಾಡ್ ಇರುವ ಗೆಳೆಯರು ಮಾತ್ರ ತಕ್ಕಡಿಗಿಟ್ಟು ನೋಡಲಿ. ಸಿದ್ಧ ಡ್ರೋನ್‌ಗಳ ಆಮದನ್ನು 2022ರ ಫೆಬ್ರುವರಿಯಲ್ಲಿ ನಿಷೇಧಿಸಿದ ಮೇಲೆ ನಿಮ್ಮಂತೆ ಬಿಡಿಭಾಗ ತಂದು ಜೋಡಿಸುವವರು ನನಗೆ ಹೆಚ್ಚು ಪತ್ರ ಬರೆಯುತ್ತಾರೆ. ಬೋರ್ಡಿನ ಪ್ರತಿಯೊಂದು ರೆಸಿಸ್ಟರ್ ಏಕಿದೆ ಎಂದು ತಿಳಿದು ಹಾರಿಸುವ ಆ ಹುಡುಗರನ್ನು ಕಂಡರೆ ನನಗೆ ನಿಜವಾಗಿಯೂ ಸಂತೋಷ.

ಸರ್ಕ್ಯೂಟ್ ಮುಗಿದ ಮೇಲೆ ಹಾರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಪುಟ್ಟ ಸೆಲ್ ಪೂರ್ತಿ ಚಾರ್ಜ್ ಆಗಲಿ. ದೊಡ್ಡ ಬ್ಯಾಟರಿಯನ್ನು ಸಿಕ್ಕಿಸಿ, ಒಮ್ಮೆಲೇ ಕಿತ್ತು, ಕ್ವಾಡನ್ನು ಗೆಳೆಯನ ಕೈಗೆ ಕೊಡಿ. ಅವನು ಅದನ್ನು ಅದೇ ಕಬ್ಬಿನ ಗದ್ದೆಯಲ್ಲಿ, ನಿಮಗೆ ಹೇಳದೆ, ಮಗುಚಿ ಇಟ್ಟು ಬರಲಿ. ಮರುದಿನ ಬೆಳಗಿನ ಜಾವ ನೀವೊಬ್ಬರೇ ಹೋಗಿ ಹುಡುಕಿ. ಅರ್ಧ ಗಂಟೆಯೊಳಗೆ ಸಿಕ್ಕಿದರೆ ಪ್ರೊಪೆಲ್ಲರ್ ಹಾಕಿ. ಸಿಗದಿದ್ದರೆ ಕೂಗಿನ ಸ್ವರವನ್ನೂ ಬಜರ್ ಇಟ್ಟ ಜಾಗವನ್ನೂ ಬದಲಿಸಿ, ಮತ್ತೆ ಅಡಗಿಸಿಡಲು ಹೇಳಿ.